ರಿವ್ಯೂಗೆ ಖರ್ಚಿನ ಪುರಾವೆಯನ್ನೂ ಸೇರಿಸಬೇಕಂತೆ, ಐಸರ್‌ಗಳ ಸರಾಸರಿ ತೆಗೆದರೆ ಸಾಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಹೃದಯ ವೈಫಲ್ಯದ ರೋಗಿಗಳು ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ನರ್ಸ್ ಮನೆಗೇ ಬಂದು ನೋಡಿಕೊಂಡರೆ, ಅವರು ಮತ್ತೆ ಆಸ್ಪತ್ರೆ ಸೇರುವುದು ಕಡಿಮೆಯಾಗುತ್ತದಾ ಎಂದು ನೀವು ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ಪ್ರಶ್ನೆಯ ಮೇಲಿನ ಎಲ್ಲ ಅಧ್ಯಯನಗಳನ್ನೂ ಕ್ರಮವಾಗಿ ಹುಡುಕಿ ಪರಿಶೀಲಿಸುವುದು) ಮಾಡುತ್ತಿದ್ದೀರಿ. ಹಣ ಕೊಡುವವರು ಖರ್ಚಿನ ಪುರಾವೆಯೂ ಬೇಕು ಎಂದಿದ್ದಾರೆ. ತಂಡದಲ್ಲಿ ಅರ್ಥಶಾಸ್ತ್ರದವರು ಯಾರೂ ಇಲ್ಲ. ಪ್ರೋಟೊಕಾಲ್ (ರಿವ್ಯೂ ಹೇಗೆ ಮಾಡುತ್ತೇವೆ ಎಂದು ಮೊದಲೇ ಬರೆದಿಡುವ ಯೋಜನೆ) ಕಳಿಸಲು ಒಂದು ತಿಂಗಳಿದೆ. ಸಿಕ್ಕ ಅಧ್ಯಯನಗಳ ಐಸರ್‌ಗಳನ್ನು (ICER, ಹೆಚ್ಚುವರಿ ಖರ್ಚಿಗೂ ಹೆಚ್ಚುವರಿ ಆರೋಗ್ಯಕ್ಕೂ ಇರುವ ಅನುಪಾತ) ಸೇರಿಸಿ ಸರಾಸರಿ ತೆಗೆಯಬಹುದಾ, ಎಲ್ಲಿ ಹುಡುಕಬೇಕು, ಗುಣಮಟ್ಟ ನೋಡಲು ಯಾವ ಚೆಕ್‌ಲಿಸ್ಟ್ ಬೇಕು ಎಂದು ಕೇಳಿದ್ದೀರಿ.

ಮೊದಲನೆಯದಕ್ಕೆ ನೇರವಾಗಿ ಹೇಳುತ್ತೇನೆ, ಸರಾಸರಿ ತೆಗೆಯಬೇಡಿ. ನನ್ನ ಮೊದಲ ರಿವ್ಯೂನಲ್ಲಿ ನಾನು ಮಾಡಿದ್ದು ಅದನ್ನೇ. ಒಂಬತ್ತು ಅಧ್ಯಯನಗಳ ಐಸರ್‌ಗಳನ್ನು ಸ್ಪ್ರೆಡ್‌ಶೀಟಿನ ಒಂದು ಕಾಲಂಗೆ ತುಂಬಿ, ಕೆಳಗೆ ಸರಾಸರಿ ಹಾಕಿದ್ದೆ. ಅದನ್ನು ಓದಿದ ಹಿರಿಯರೊಬ್ಬರು ಒಂದು ಸಾಲಿನ ಮೇಲೆ ಬೆರಳಿಟ್ಟು, "ಈ ಮೈನಸ್ ಒಳ್ಳೆಯ ಮೈನಸ್ಸಾ, ಕೆಟ್ಟ ಮೈನಸ್ಸಾ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ವಾರದ ಕೆಲಸ ಮತ್ತೆ ಮೊದಲಿಂದ ಶುರುವಾಯಿತು.

ಆ ಪ್ರಶ್ನೆಯ ಅರ್ಥ ಇಷ್ಟೇ. ಐಸರ್ ಎಂದರೆ ಹೊಸ ಚಿಕಿತ್ಸೆಗೆ ಎಷ್ಟು ಹೆಚ್ಚು ಖರ್ಚಾಯಿತು ಎನ್ನುವುದನ್ನು, ಅದರಿಂದ ಎಷ್ಟು ಹೆಚ್ಚು ಆರೋಗ್ಯ ಸಿಕ್ಕಿತು ಎನ್ನುವುದರಿಂದ ಭಾಗಿಸಿದ ಸಂಖ್ಯೆ. ಆರೋಗ್ಯವನ್ನು ಸಾಮಾನ್ಯವಾಗಿ ಕ್ವಾಲಿಯಲ್ಲಿ ಅಳೆಯುತ್ತಾರೆ. ಪೂರ್ತಿ ಆರೋಗ್ಯದಿಂದ ಕಳೆದ ಒಂದು ವರ್ಷ ಒಂದು ಕ್ವಾಲಿ. ಈಗ ಎರಡು ಕಾರ್ಯಕ್ರಮ ಇವೆ ಎಂದುಕೊಳ್ಳಿ. ಒಂದರಲ್ಲಿ ತಲಾ ಒಬ್ಬ ರೋಗಿಯ ಲೆಕ್ಕದಲ್ಲಿ 1,000 ಡಾಲರ್ ಉಳಿಯಿತು, ಜೊತೆಗೆ 0.1 ಕ್ವಾಲಿ ಲಾಭವೂ ಆಯಿತು. ಇನ್ನೊಂದರಲ್ಲಿ 1,000 ಡಾಲರ್ ಜಾಸ್ತಿ ಖರ್ಚಾಗಿ, 0.1 ಕ್ವಾಲಿ ನಷ್ಟವೂ ಆಯಿತು. ಭಾಗಿಸಿ ನೋಡಿ. ಎರಡಕ್ಕೂ ಬರುವುದು ಮೈನಸ್ 10,000! ಮೊದಲನೆಯದು ಕಣ್ಣು ಮುಚ್ಚಿ ಒಪ್ಪಬೇಕಾದದ್ದು, ಎರಡನೆಯದು ಬಾಗಿಲಲ್ಲೇ ತಡೆಯಬೇಕಾದದ್ದು. ಕಾಲಂನಲ್ಲಿ ಮಾತ್ರ ಎರಡೂ ಅವಳಿಗಳ ಹಾಗೆ ಕೂತಿರುತ್ತವೆ. ಇವುಗಳ ಸರಾಸರಿಗೆ ಏನು ಅರ್ಥ?

ಇದಕ್ಕೆ ಒಂದು ದಾರಿ ಇದೆ. ಒಂದು ಕ್ವಾಲಿಗೆ ಇಷ್ಟು ಹಣ ಕೊಡಲು ಸಿದ್ಧ ಎಂದು ಮೊದಲೇ ಒಂದು ಮಿತಿ ಇಟ್ಟುಕೊಂಡು, ಆರೋಗ್ಯದ ಲಾಭವನ್ನೂ ಹಣಕ್ಕೆ ತಿರುಗಿಸಿ, ಅದರಿಂದ ಖರ್ಚನ್ನು ಕಳೆಯುವುದು. ಇದು ನಿವ್ವಳ ಹಣಕಾಸು ಲಾಭ. ಮಿತಿ 20,000 ಡಾಲರ್ ಎಂದಿಟ್ಟುಕೊಂಡರೆ ಮೊದಲ ಕಾರ್ಯಕ್ರಮಕ್ಕೆ ಪ್ಲಸ್ 3,000, ಎರಡನೆಯದಕ್ಕೆ ಮೈನಸ್ 3,000. ಈಗ ಯಾವುದು ಯಾವುದು ಎಂದು ಸ್ಪಷ್ಟ, ಅಲ್ವಾ? ಈ ಸಂಖ್ಯೆಗಳನ್ನು ಮೆಟಾ ಅನಾಲಿಸಿಸ್ ಮಾಡುವ, ಅಂದರೆ ಹಲವು ಅಧ್ಯಯನಗಳ ಫಲಿತಾಂಶಗಳನ್ನು ಲೆಕ್ಕ ಹಾಕಿ ಒಂದಾಗಿಸುವ, ವಿಧಾನಗಳೂ ಬಂದಿವೆ. ಆದರೂ ಮೊದಲ ಸಲಕ್ಕೆ ಅತ್ತ ಹೋಗಬೇಡಿ ಎನ್ನುತ್ತೇನೆ. ಮೈನಸ್ಸಿನ ಗೊಂದಲ ಬಗೆಹರಿದರೂ ಅದಕ್ಕಿಂತ ದೊಡ್ಡ ತೊಂದರೆ ಹಾಗೇ ಉಳಿಯುತ್ತದೆ.

ಟ್ರಯಲ್‌ಗಳ (ರೋಗಿಗಳಲ್ಲಿ ಚಿಕಿತ್ಸೆಯನ್ನು ಪರೀಕ್ಷಿಸುವ ಪ್ರಯೋಗಗಳ) ರಿವ್ಯೂ ಮಾಡಿದವರಿಗೆ ಇದು ಬೇಗ ಹೊಳೆಯುವುದಿಲ್ಲ, ನನಗೂ ಹೊಳೆದಿರಲಿಲ್ಲ. ಹತ್ತು ಟ್ರಯಲ್ ಎಂದರೆ ಹತ್ತು ಬೇರೆ ಬೇರೆ ಗುಂಪಿನ ರೋಗಿಗಳು. ಆರ್ಥಿಕ ಅಧ್ಯಯನಗಳಲ್ಲಿ ಬಹಳಷ್ಟು ಮಾಡೆಲ್‌ಗಳು. ಹೊಸ ರೋಗಿಗಳು ಅಲ್ಲಿರುವುದಿಲ್ಲ. ಬೇರೆಯವರ ಟ್ರಯಲ್‌ನಿಂದ ಪರಿಣಾಮದ ಸಂಖ್ಯೆ, ಇನ್ನೆಲ್ಲಿಂದಲೋ ಬೆಲೆ, ಮತ್ತೊಂದು ಕಡೆಯಿಂದ ಸಾವಿನ ಪ್ರಮಾಣ ತಂದು ಲೆಕ್ಕ ಕಟ್ಟಿರುತ್ತಾರೆ. ನನ್ನ ಎರಡನೇ ರಿವ್ಯೂನಲ್ಲಿ ಆರು ಮಾಡೆಲ್ ಸಿಕ್ಕಿದ್ದವು. ಆರೂ "ಲಾಭದಾಯಕ" ಎನ್ನುತ್ತಿದ್ದವು. ಆರು ಪೇಪರ್‌ಗಳ ಪ್ಯಾರಾಮೀಟರ್ ಟೇಬಲ್‌ಗಳನ್ನು (ಲೆಕ್ಕಕ್ಕೆ ಬಳಸಿದ ಸಂಖ್ಯೆಗಳ ಪಟ್ಟಿಗಳನ್ನು) ಪ್ರಿಂಟ್ ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ಹರಡಿದೆ. ಪರಿಣಾಮದ ಸಾಲಿನಲ್ಲಿ ಐದು ಕಡೆ ಒಂದೇ ಸಂಖ್ಯೆ, ಎರಡು ದಶಮಾಂಶದವರೆಗೂ ಒಂದೇ. ಐದಕ್ಕೂ ಮೂಲ ಒಂದೇ ಟ್ರಯಲ್. ಒಬ್ಬನ ಮಾತನ್ನೇ ಐದು ಬಾಯಲ್ಲಿ ಕೇಳಿದ ಹಾಗೆ. ಅದನ್ನು ನಾನು "ಆರು ಅಧ್ಯಯನಗಳ ಒಮ್ಮತ" ಎಂದು ಬರೆಯುವುದರಲ್ಲಿದ್ದೆ.

ಹಾಗಾದರೆ ಅವುಗಳ ಐಸರ್ ಬೇರೆ ಬೇರೆ ಯಾಕಿತ್ತು? ಅದೇ ಟೇಬಲ್‌ಗಳಲ್ಲಿ ಉತ್ತರ ಇತ್ತು. ಎರಡು ಮಾಡೆಲ್‌ಗಳಲ್ಲಿ ಚಿಕಿತ್ಸೆಯ ಪರಿಣಾಮ ಎರಡು ವರ್ಷಕ್ಕೆ ನಿಲ್ಲುತ್ತದೆ, ಉಳಿದವುಗಳಲ್ಲಿ ಜೀವನಪೂರ್ತಿ ಮುಂದುವರಿಯುತ್ತದೆ. ಟ್ರಯಲ್ ನಡೆದದ್ದೇ ಒಂದು ವರ್ಷ. ಆಮೇಲಿನದ್ದೆಲ್ಲ ಊಹೆ. ಆ ಒಂದು ಊಹೆ ಮತ್ತು ಚಿಕಿತ್ಸೆಯ ಬೆಲೆ, ಇವೆರಡನ್ನು ನೋಡಿದರೆ ಐಸರ್‌ಗಳ ನಡುವಿನ ವ್ಯತ್ಯಾಸದ ಬಹುಪಾಲು ಅರ್ಥವಾಗುತ್ತಿತ್ತು. ಸರಾಸರಿ ತೆಗೆದಿದ್ದರೆ ಓದುವವರಿಗೆ ಇದು ಗೊತ್ತೇ ಆಗುತ್ತಿರಲಿಲ್ಲ. ರಿವ್ಯೂ ಮಾಡುವವರು ಕೊಡಬಹುದಾದ ನಿಜವಾದ ಉಪಯೋಗ ಇದೇ ಎಂದು ನಾನು ನಂಬಿದ್ದೇನೆ. ಒಂದು ಅಂಕಿ ಕೊಡುವುದಲ್ಲ, ಅಂಕಿಗಳು ಯಾಕೆ ಬೇರೆಯಾದವು ಎಂದು ಬಿಡಿಸಿ ತೋರಿಸುವುದು.

ಇಲ್ಲಿ ನಿಮಗೆ ಇನ್ನೊಂದು ಅನುಕೂಲವೂ ಇದೆ. ನೀವು ಹೇಗೂ ಟ್ರಯಲ್‌ಗಳ ಮೆಟಾ ಅನಾಲಿಸಿಸ್ ಮಾಡುತ್ತೀರಿ. ಅದರಿಂದ ಬಂದ ಪರಿಣಾಮದ ಸಂಖ್ಯೆಯನ್ನು ಪ್ರತಿ ಮಾಡೆಲ್ ಒಳಗಿರುವ ಸಂಖ್ಯೆಯ ಪಕ್ಕದಲ್ಲಿಡಿ. ಮಾಡೆಲ್ ಕಟ್ಟಿದವರು ಹಳೆಯ, ಜಾಸ್ತಿ ಪರಿಣಾಮ ತೋರಿಸಿದ ಒಂದು ಟ್ರಯಲ್ ಹಿಡಿದಿದ್ದರೆ, ನಿಮ್ಮ ಒಟ್ಟು ಫಲಿತಾಂಶ ಅದಕ್ಕಿಂತ ಕಡಿಮೆ ಇರಬಹುದು. ಆಗ "ಈ ಮಾಡೆಲ್‌ಗಳ ತೀರ್ಮಾನ ಇವತ್ತಿನ ಪುರಾವೆಗಿಂತ ಆಶಾದಾಯಕವಾಗಿದೆ" ಎಂದು ಧೈರ್ಯವಾಗಿ ಬರೆಯಬಹುದು. ಖರ್ಚಿನ ರಿವ್ಯೂವನ್ನು ಬೇರೆಯಾಗಿ ಮಾಡಿದವರಿಗೆ ಈ ಮಾತು ಹೇಳುವುದು ಕಷ್ಟ.

ಇನ್ನು, ಶುರು ಎಲ್ಲಿಂದ? ಐಸರ್‌ನಿಂದ ಬೇಡ, ನಿಮ್ಮ ಕೈಯಲ್ಲಿರುವ ಟ್ರಯಲ್‌ಗಳಿಂದಲೇ ಶುರು ಮಾಡಿ. ಡೇಟಾ ತೆಗೆಯುವ ಫಾರ್ಮ್‌ನಲ್ಲಿ ಸಂಪನ್ಮೂಲ ಬಳಕೆಗೆ ಜಾಗ ಬಿಡಿ. ನರ್ಸ್ ಎಷ್ಟು ಸಲ ಹೋದರು, ಪ್ರತಿ ಭೇಟಿ ಎಷ್ಟು ನಿಮಿಷ, ಓಡಾಟಕ್ಕೆ ಎಷ್ಟು ಹೊತ್ತು, ಹೋದವರು ಹಿರಿಯ ನರ್ಸಾ ಸಹಾಯಕರಾ, ಫೋನ್ ಕರೆಗಳೆಷ್ಟು, ಆಸ್ಪತ್ರೆಯಲ್ಲಿ ಕಳೆದ ದಿನಗಳೆಷ್ಟು, ತುರ್ತು ವಿಭಾಗಕ್ಕೆ ಬಂದದ್ದೆಷ್ಟು, ಮನೆಯವರು ಆರೈಕೆಗೆ ಕೊಟ್ಟ ಸಮಯ ಎಷ್ಟು. ಇವೆಲ್ಲ ಹಣದ ರೂಪದಲ್ಲಿಲ್ಲ, ದಿನ ಮತ್ತು ಗಂಟೆಗಳ ರೂಪದಲ್ಲಿವೆ. ಅದಕ್ಕೇ ಇವಕ್ಕೆ ಬೆಲೆ ಜಾಸ್ತಿ. ನರ್ಸಿನ ಸಂಬಳ ದೇಶದಿಂದ ದೇಶಕ್ಕೆ ಪೂರ್ತಿ ಬೇರೆ, ಆದರೆ "ಆರು ಭೇಟಿ, ತಲಾ 40 ನಿಮಿಷ" ಎನ್ನುವುದನ್ನು ಯಾರು ಬೇಕಾದರೂ ತಮ್ಮ ದರದಿಂದ ಗುಣಿಸಿಕೊಳ್ಳಬಹುದು. ಆಸ್ಪತ್ರೆಯ ದಿನಗಳನ್ನು ಮೆಟಾ ಅನಾಲಿಸಿಸ್ ಕೂಡ ಮಾಡಬಹುದು. ಒಂದು ಎಚ್ಚರಿಕೆ: ಹೆಚ್ಚಿನವರು ಮೂರು ದಿನ ಇದ್ದು ಮನೆಗೆ ಹೋದರೆ, ಒಬ್ಬಿಬ್ಬರು ಅರವತ್ತು ದಿನ ಇರುತ್ತಾರೆ. ಹಾಗಾಗಿ ಟ್ರಯಲ್‌ಗಳು ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ) ಕೊಡುತ್ತವೆ. ಆದರೆ ಬಜೆಟ್ ಹಾಕುವವರಿಗೆ ಬೇಕಾದದ್ದು ಸರಾಸರಿ, ಒಟ್ಟು ಖರ್ಚು ಬರುವುದು ಸರಾಸರಿಯನ್ನು ರೋಗಿಗಳ ಸಂಖ್ಯೆಯಿಂದ ಗುಣಿಸಿದಾಗ. ಲೇಖಕರಿಗೆ ಬರೆದು ಸರಾಸರಿ ಕೇಳಿ, ಕೆಲವರು ಕಳಿಸುತ್ತಾರೆ.

ಖರ್ಚು ಯಾರ ಜೇಬಿನಿಂದ ಎನ್ನುವುದನ್ನು ಪ್ರತಿ ಅಧ್ಯಯನದಲ್ಲೂ ಬರೆದಿಟ್ಟುಕೊಳ್ಳಿ. ನಿಮ್ಮ ವಿಷಯದಲ್ಲಿ ಇದು ತುಂಬಾ ಮುಖ್ಯ. ಆಸ್ಪತ್ರೆಯ ದೃಷ್ಟಿಯಲ್ಲಿ ರೋಗಿ ಬೇಗ ಮನೆಗೆ ಹೋದರೆ ಉಳಿತಾಯ. ಮಗಳು ಕೆಲಸಕ್ಕೆ ರಜೆ ಹಾಕಿ ಅಮ್ಮನನ್ನು ನೋಡಿಕೊಂಡರೆ ಆ ಲೆಕ್ಕ ಆಸ್ಪತ್ರೆಯ ಪುಸ್ತಕದಲ್ಲಿ ಬರುವುದೇ ಇಲ್ಲ. ಅಲ್ಲಿ ಉಳಿತಾಯ ಎಂದು ಕಾಣುವುದರಲ್ಲಿ ಒಂದು ಪಾಲು ಸುಮ್ನೆ ಮನೆಯವರ ಹೆಗಲಿಗೆ ದಾಟಿರುತ್ತದೆ. ಸಮಾಜದ ದೃಷ್ಟಿಯಿಂದ ಲೆಕ್ಕ ಹಾಕಿದ ಅಧ್ಯಯನದಲ್ಲಿ ಮಾತ್ರ ಅದು ಕಾಣಿಸುತ್ತದೆ.

ಅಧ್ಯಯನ ಎಷ್ಟು ವರ್ಷದ ಲೆಕ್ಕ ಹಾಕಿದೆ ಎನ್ನುವ ಅವಧಿಯನ್ನೂ, ಡಿಸ್ಕೌಂಟ್ ದರವನ್ನೂ (ಮುಂದೆ ಬರುವ ಹಣವನ್ನು ಇವತ್ತಿನ ಬೆಲೆಗೆ ಇಳಿಸುವ ದರ) ಬರೆದುಕೊಳ್ಳಿ. ಇಪ್ಪತ್ತು ವರ್ಷದ ನಂತರ ಉಳಿಯುವ 1,000 ಡಾಲರಿಗೆ 3% ದರದಲ್ಲಿ ಇವತ್ತಿನ ಬೆಲೆ ಸುಮಾರು 554, 5% ದರದಲ್ಲಿ ಸುಮಾರು 377. ದರ ಒಂದನ್ನೇ ಬದಲಿಸಿದರೂ ಚಿತ್ರ ಬದಲಾಗುತ್ತದೆ. ಬೇರೆ ಬೇರೆ ದೇಶ, ವರ್ಷಗಳ ಖರ್ಚನ್ನು ಒಂದೇ ಟೇಬಲ್‌ಗೆ ತರುವಾಗ ಮೊದಲು ಆಯಾ ದೇಶದ ಬೆಲೆ ಸೂಚ್ಯಂಕದಿಂದ ನಿಮಗೆ ಬೇಕಾದ ವರ್ಷಕ್ಕೆ ತನ್ನಿ, ಆಮೇಲೆ ಕೊಳ್ಳುವ ಶಕ್ತಿಯ ಸಮಾನತೆಯ ದರದಿಂದ (ಅದೇ ಸಾಮಾನಿಗೆ ಆಯಾ ದೇಶದಲ್ಲಿ ಎಷ್ಟು ಹಣ ಬೇಕು ಎಂದು ಹೋಲಿಸುವ ದರ) ಕರೆನ್ಸಿ ಬದಲಿಸಿ. ಬ್ಯಾಂಕಿನ ವಿನಿಮಯ ದರ ಬೇಡ. ಕ್ಯಾಂಪ್‌ಬೆಲ್ ಮತ್ತು ಕಾಕ್ರೇನ್ ಎಕನಾಮಿಕ್ಸ್ ಮೆಥಡ್ಸ್ ಗ್ರೂಪ್ ಮತ್ತು ಎಪಿ ಸೆಂಟರ್ ಸೇರಿ ಮಾಡಿರುವ ಉಚಿತ ಕಾಸ್ಟ್ ಕನ್ವರ್ಟರ್ ಇದೇ ಕ್ರಮದಲ್ಲಿ ಲೆಕ್ಕ ಮಾಡಿಕೊಡುತ್ತದೆ.

ಹುಡುಕುವ ವಿಷಯ. ಯಾರ್ಕ್ ವಿಶ್ವವಿದ್ಯಾಲಯದವರ ಎನ್‌ಎಚ್‌ಎಸ್ ಈಡ್ (NHS EED) ಎನ್ನುವ ಆರ್ಥಿಕ ಅಧ್ಯಯನಗಳ ಡೇಟಾಬೇಸ್ ಬಹಳ ವರ್ಷ ಈ ಕೆಲಸಕ್ಕೆ ಆಧಾರವಾಗಿತ್ತು. ಅದಕ್ಕೆ ಬರುತ್ತಿದ್ದ ಹಣ 2015ರಲ್ಲಿ ನಿಂತಿತು. ಅವರು ಹುಡುಕಾಟ ನಡೆಸಿದ್ದು 2014ರ ಕೊನೆಯವರೆಗೆ ಮಾತ್ರ. ಹಳೆಯ ಅಧ್ಯಯನಗಳಿಗೆ ಅದು ಈಗಲೂ ಉಪಯುಕ್ತ. ಆಮೇಲಿನದಕ್ಕೆ ಮೆಡ್‌ಲೈನ್ ಮತ್ತು ಎಂಬೇಸ್ ಎನ್ನುವ ವೈದ್ಯಕೀಯ ಲೇಖನಗಳ ಡೇಟಾಬೇಸ್‌ಗಳಲ್ಲಿ ಆರ್ಥಿಕ ಅಧ್ಯಯನಗಳ ಫಿಲ್ಟರ್ (ಸಿದ್ಧ ಹುಡುಕುಪದಗಳ ಗುಂಪು) ಹಾಕಿ ಹುಡುಕಬೇಕು. ಒಂದು ತಪ್ಪು ಮಾತ್ರ ಮಾಡಬೇಡಿ. ಟ್ರಯಲ್ ಹುಡುಕಲು ಹಾಕಿದ ಫಿಲ್ಟರನ್ನೇ ಇಲ್ಲೂ ಬಳಸಿದರೆ ಮಾಡೆಲ್‌ಗಳು ಸಿಗುವುದೇ ಇಲ್ಲ.

ಚೆಕ್‌ಲಿಸ್ಟ್ ವಿಷಯದಲ್ಲಿ ನೀವು ಚೀರ್ಸ್ (CHEERS) ಹೆಸರು ಬರೆದಿದ್ದೀರಿ. 2022ರ ಆವೃತ್ತಿಯಲ್ಲಿ 28 ಅಂಶಗಳಿವೆ, ಒಳ್ಳೆಯ ಪಟ್ಟಿ. ಆದರೆ ಅದು ಲೇಖಕರು ಏನೇನು ವರದಿ ಮಾಡಬೇಕು ಎಂದು ಹೇಳುತ್ತದೆ, ಮಾಡಿದ್ದು ಸರಿಯಾ ಎಂದು ಹೇಳುವುದಿಲ್ಲ. ಡಿಸ್ಕೌಂಟ್ ದರ ಎಷ್ಟೆಂದು ಚೊಕ್ಕವಾಗಿ ಬರೆದು, ತಪ್ಪು ದರವನ್ನೇ ಬಳಸಿರಬಹುದು. ಗುಣಮಟ್ಟಕ್ಕೆ ಟ್ರಯಲ್ ಜೊತೆ ನಡೆದ ಅಧ್ಯಯನಗಳಾದರೆ ಡ್ರಮಂಡ್ (Drummond) ಅಥವಾ ಚೆಕ್ (CHEC) ಎನ್ನುವ ಪಟ್ಟಿ ತೆಗೆದುಕೊಳ್ಳಿ, ಜೊತೆಗೆ ಆ ಟ್ರಯಲ್‌ನ ರಿಸ್ಕ್ ಆಫ್ ಬಯಸ್ (ನಡೆಸಿದ ರೀತಿಯಿಂದಲೇ ಫಲಿತಾಂಶ ಒಂದು ಕಡೆ ವಾಲಿರುವ ಅಪಾಯ) ಕೂಡ ನೋಡಿ. ಮಾಡೆಲ್‌ಗಳಿಗೆ ಫಿಲಿಪ್ಸ್ (Philips) ಪಟ್ಟಿ. ಅಂಶಗಳನ್ನು ಎಣಿಸಿ ನೂರಕ್ಕೆ ಇಷ್ಟು ಎಂದು ಅಂಕ ಕೊಡಬೇಡಿ, ಒಂದು ದೊಡ್ಡ ತಪ್ಪು ಇಪ್ಪತ್ತು ಸರಿಗಳ ಹಿಂದೆ ಮರೆಯಾಗುತ್ತದೆ. ಹಣ ಕೊಟ್ಟವರು ಯಾರು ಎಂದೂ ಬರೆದುಕೊಳ್ಳಿ. 2006ರಲ್ಲಿ ಬಿಎಂಜೆ ಎನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ವಿಶ್ಲೇಷಣೆ ಇಂಥ 494 ಅಧ್ಯಯನಗಳನ್ನು ನೋಡಿತ್ತು. ಕಂಪನಿಗಳು ಹಣ ಕೊಟ್ಟ ಅಧ್ಯಯನಗಳಲ್ಲಿ ಕ್ವಾಲಿಗೆ 20,000 ಡಾಲರಿಗಿಂತ ಕಡಿಮೆ ಬರುವ ಸಂಭವ ಜಾಸ್ತಿ ಇತ್ತು.

ಫಲಿತಾಂಶ ತೋರಿಸಲು ಮೂರು ಅಡ್ಡಸಾಲು, ಮೂರು ಕಂಬಸಾಲಿನ ಒಂದು ಚೌಕ ಸಾಕು. ಖರ್ಚು ಹೆಚ್ಚು, ಸಮ, ಕಡಿಮೆ ಒಂದು ಕಡೆ. ಆರೋಗ್ಯ ಹೆಚ್ಚು, ಸಮ, ಕಡಿಮೆ ಇನ್ನೊಂದು ಕಡೆ. ಪ್ರತಿ ಅಧ್ಯಯನ ಒಂದು ಮನೆಯಲ್ಲಿ ಕೂರುತ್ತದೆ. ಒಂದೇ ಟ್ರಯಲ್‌ನಿಂದ ಹುಟ್ಟಿದ ಮಾಡೆಲ್‌ಗಳಿಗೆ ಒಂದೇ ಬಣ್ಣ ಕೊಡಿ. ನೋಡಿದ ತಕ್ಷಣ ಎಷ್ಟು ಧ್ವನಿಗಳು ನಿಜವಾಗಿ ಬೇರೆ ಎಂದು ತಿಳಿಯುತ್ತದೆ.

ಇಷ್ಟೆಲ್ಲ ಮಾಡಲು ನಿಮ್ಮ ತಂಡಕ್ಕೆ ಸಮಯ ಇಲ್ಲ ಎನ್ನಿಸಿದರೆ, ಸಿಸ್ಟಮ್ಯಾಟಿಕ್ ರಿವ್ಯೂಗಳಿಗೆಂದು ಕಾಕ್ರೇನ್ ಸಂಸ್ಥೆ ಬರೆದ ಕೈಪಿಡಿಯ 20ನೇ ಅಧ್ಯಾಯ ಒಂದು ಚಿಕ್ಕ ದಾರಿ ಕೊಡುತ್ತದೆ: ಸಂಕ್ಷಿಪ್ತ ಆರ್ಥಿಕ ಟಿಪ್ಪಣಿ. ಆರ್ಥಿಕ ಅಧ್ಯಯನಗಳನ್ನು ಹುಡುಕಿ, ಅವು ಏನು ಹೇಳಿವೆ ಎಂದು ರಿವ್ಯೂನ ಹಿನ್ನೆಲೆ ಭಾಗದಲ್ಲೂ ಚರ್ಚೆ ಭಾಗದಲ್ಲೂ ಚಿಕ್ಕದಾಗಿ ಬರೆಯುವುದು. ಅಲ್ಲಿ ಗುಣಮಟ್ಟದ ಪರೀಕ್ಷೆ ಮಾಡುವುದಿಲ್ಲ, ಆದ್ದರಿಂದ "ಇವನ್ನು ನಾವು ವಿಮರ್ಶಾತ್ಮಕವಾಗಿ ಪರೀಕ್ಷಿಸಿಲ್ಲ" ಎಂದು ಬರೆಯಲೇಬೇಕು. ಅರೆಬರೆ ದೊಡ್ಡ ಕೆಲಸಕ್ಕಿಂತ ಸರಿಯಾಗಿ ಮಾಡಿದ ಚಿಕ್ಕ ಟಿಪ್ಪಣಿ ನನಗೆ ಇಷ್ಟ. ಯಾವ ದಾರಿ ಎಂದು ಪ್ರೋಟೊಕಾಲ್‌ನಲ್ಲೇ ಹೇಳಿಬಿಡಿ. ಫಲಿತಾಂಶ ನೋಡಿದ ಮೇಲೆ ದಾರಿ ಆರಿಸಿದರೆ ಯಾರೂ ನಂಬುವುದಿಲ್ಲ.

ಆರ್ಥಿಕ ಅಧ್ಯಯನ ಒಂದೂ ಸಿಗದಿದ್ದರೆ ಅದನ್ನೂ ಹಾಗೇ ಬರೆಯಿರಿ, ಕೆಳಗೆ ಭೇಟಿಗಳ ಮತ್ತು ಆಸ್ಪತ್ರೆ ದಿನಗಳ ಟೇಬಲ್ ಕೊಡಿ. ಅರ್ಥಶಾಸ್ತ್ರದವರನ್ನು ವರ್ಷಪೂರ್ತಿ ತಂಡಕ್ಕೆ ತರಲಾಗದಿದ್ದರೂ, ಪ್ರೋಟೊಕಾಲ್ ಕಳಿಸುವ ಮೊದಲು ಎರಡು ಗಂಟೆ ಕೂರಿಸಿಕೊಳ್ಳಿ. ಡೇಟಾ ಫಾರ್ಮ್ ತೋರಿಸಿ, ಏನು ಬಿಟ್ಟುಹೋಗಿದೆ ಎಂದು ಕೇಳಿ. ಅಷ್ಟರೊಳಗೆ ಫಾರ್ಮ್‌ನ ಕರಡು ತಯಾರಾದರೆ ಇಲ್ಲೇ ಹಾಕಿ, ನಾನೂ ಒಂದು ಸಲ ಪೂರ್ತಿ ಓದಿ ಹೇಳುತ್ತೇನೆ.