ಮಾದರಿ ವಿಮಾನಕ್ಕೆ ಬಣ್ಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 1/72 ಅಳತೆಯ ಹಾಕರ್ ಹರಿಕೇನ್ ಯುದ್ಧವಿಮಾನದ ಕಿಟ್ ಜೋಡಿಸಿ, 1940ರ ಬ್ರಿಟನ್ ಕದನದ ಕಾಲದ ಕಡುಹಸುರು ಮತ್ತು ಮಣ್ಣುಗಂದು ಬಣ್ಣ ಬಳಿದಿದ್ದೇನೆ. ಯುದ್ಧದಲ್ಲಿ ಪಳಗಿದ ವಿಮಾನದಂತೆ ಕಾಣಲೆಂದು ಮೈತುಂಬ ಬೆಳ್ಳಿಬಣ್ಣದ ಚುಕ್ಕೆಗಳನ್ನಿಟ್ಟು, ಪ್ಯಾನೆಲ್ ಗೆರೆಗಳಿಗೆಲ್ಲ (ಫಲಕಗಳು ಕೂಡುವ ಸಂದುಗಳಿಗೆ) ಕಪ್ಪು ವಾಶ್ (ಸಂದಿಗೆ ಹರಿಯುವಂತೆ ತೀರ ತೆಳುಮಾಡಿದ ಬಣ್ಣ) ಕೊಟ್ಟೆ. ಈಗ ಅದು ಗುಜರಿಗೆ ಹಾಕಿದ ಡಬ್ಬಿಯಂತೆ ಕಾಣುತ್ತಿದೆ. ಸರಿಪಡಿಸಬಹುದೇ?

ಉತ್ತರ: ಸರಿಪಡಿಸಬಹುದು. ನಿಮ್ಮ ಕೈಕೆಲಸದಲ್ಲಿ ದೋಷವಿದ್ದಂತಿಲ್ಲ; ಬೆಳ್ಳಿಬಣ್ಣ ಕುಳಿತ ಜಾಗ ಸರಿಯಿಲ್ಲ, ಅಷ್ಟೇ. ಹರಿಕೇನ್‌ನ ಮೈ ಪೂರ್ತಿ ಲೋಹದ್ದಲ್ಲ. ಎಂಜಿನ್ನಿನ ಕವಚ ಮತ್ತು ಅದರ ಹಿಂದಿನ ಕೆಲವು ಫಲಕಗಳು ಲೋಹದವು; ಕಾಕ್‌ಪಿಟ್ಟಿನಿಂದ ಹಿಂದಕ್ಕೆ ಬಾಲದವರೆಗೆ ಕೊಳವೆಗಳ ಹಂದರದ ಮೇಲೆ ಮರದ ಪಟ್ಟಿಗಳನ್ನು ಕೂರಿಸಿ, ಅವುಗಳ ಮೇಲೆ ಲಿನನ್ ಬಟ್ಟೆಯನ್ನು ಬಿಗಿದು ಡೋಪ್ ಎಂಬ ವಾರ್ನಿಶ್ಶಿನಂಥ ಲೇಪ ಹಚ್ಚಿ ಗಟ್ಟಿಗೊಳಿಸುತ್ತಿದ್ದರು. ಚುಕ್ಕಾಣಿ ಮತ್ತು ಬಾಲದ ರೆಕ್ಕೆಗಳಿಗೂ ಬಟ್ಟೆಯದೇ ಹೊದಿಕೆ. ಬಟ್ಟೆ ಹೀರಿಕೊಂಡ ಬಣ್ಣವು ಲೋಹದ ಮೇಲಿನದರಂತೆ ಚಕ್ಕೆಚಕ್ಕೆಯಾಗಿ ಏಳುವುದಿಲ್ಲ. ಅದು ಮಾಸುತ್ತದೆ, ಕೊಳೆ ಹಿಡಿಯುತ್ತದೆ, ಹರಿದರೆ ತೇಪೆ ಬೀಳುತ್ತದೆ. ಆದ್ದರಿಂದ ಕಾಕ್‌ಪಿಟ್ಟಿನ ಹಿಂದಿನ ಭಾಗದಲ್ಲಿರುವ ಬೆಳ್ಳಿ ಚುಕ್ಕೆಗಳೆಲ್ಲ ಮೂಲಬಣ್ಣದಡಿ ಮರೆಯಾಗಲಿ. ಅಲ್ಲಿ ಪ್ಯಾನೆಲ್ ಗೆರೆಗಳೂ ಹೆಚ್ಚು ಇಲ್ಲ. ಮರದ ಪಟ್ಟಿಗಳ ಉಬ್ಬುಗಳ ನಡುವೆ ತೆಳುವಾದ ನೆರಳು ಕಂಡರೆ ಸಾಕು.

ಇನ್ನು ರೆಕ್ಕೆ. ಮೊದಮೊದಲ ಹರಿಕೇನ್‌ಗಳ ರೆಕ್ಕೆಗೂ ಬಟ್ಟೆಯೇ ಇತ್ತಾದರೂ, 1940ರ ಬೇಸಿಗೆಯ ಹೊತ್ತಿಗೆ ಮುಂಚೂಣಿಯ ದಳಗಳಲ್ಲಿ ಲೋಹದ ರೆಕ್ಕೆಯೇ ಸಾಮಾನ್ಯವಾಗಿತ್ತು. ಹಾಗಾಗಿ ಇಲ್ಲಿ ಬಣ್ಣ ಏಳಬಹುದು, ಆದರೆ ಬೂಟು ಮತ್ತು ಉಪಕರಣ ತಾಗುವ ಕಡೆ ಮಾತ್ರ: ಪೈಲಟ್ ಹತ್ತಿಳಿಯುವ ಎಡ ರೆಕ್ಕೆಯ ಬುಡ, ಒಂದೊಂದು ರೆಕ್ಕೆಯಲ್ಲೂ ನಾಲ್ಕು ಬ್ರೌನಿಂಗ್ ಗನ್‌ಗಳಿಗೆ ಗುಂಡು ತುಂಬಲು ತೆರೆದು ಮುಚ್ಚುತ್ತಿದ್ದ ಫಲಕಗಳ ಅಂಚು, ಎಂಜಿನ್ ಕವಚದ ತಿರುಪುಗಳ ಸುತ್ತ. ಚುಕ್ಕೆಯ ಗಾತ್ರವನ್ನೂ ಲೆಕ್ಕ ಹಾಕಿ ನೋಡಿ. ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಚುಕ್ಕೆ ಎಂದರೆ ನಿಜವಾದ ವಿಮಾನದ ಮೇಲೆ ಏಳು ಸೆಂಟಿಮೀಟರಿಗೂ ಮಿಕ್ಕಿದ ಗಾಯ. ಅಂಥವು ನೂರಾರು ಇರುವ ವಿಮಾನವನ್ನು ಯಾವ ನೆಲಸಿಬ್ಬಂದಿಯೂ ಹಾರಲು ಬಿಡುವುದಿಲ್ಲ. ಬ್ರಷ್ಷಿನ ಬದಲು ಸ್ಪಂಜಿನ ಚೂರೊಂದನ್ನು ಕಿತ್ತು ಚಿಮಟದಲ್ಲಿ ಹಿಡಿದು, ಬಣ್ಣಕ್ಕೆ ಅದ್ದಿ, ಮುಕ್ಕಾಲು ಪಾಲನ್ನು ಕಾಗದಕ್ಕೆ ಒತ್ತಿ ತೆಗೆದು, ಉಳಿದದ್ದನ್ನು ಮೆಲ್ಲಗೆ ತಾಗಿಸಿದರೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಲೆಗಳು ಮೂಡುತ್ತವೆ. ಹೊಳೆಯುವ ಬೆಳ್ಳಿಗಿಂತ ಬೂದು ಬೆರೆಸಿದ ಮಂಕು ಅಲ್ಯೂಮಿನಿಯಂ ಬಣ್ಣವೇ ಲೇಸು.

ಕಪ್ಪು ಗೆರೆಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಮಾದರಿಯ ಮೇಲೆ 0.2 ಮಿಲಿಮೀಟರ್ ಅಗಲದ ಗೆರೆ ನಿಜದಲ್ಲಿ 14 ಮಿಲಿಮೀಟರ್ ಬಿರುಕಾಗುತ್ತದೆ. ನೀವು ಅಕ್ರಿಲಿಕ್ ಬಣ್ಣದ ಮೇಲೆ ಹೊಳಪು ವಾರ್ನಿಶ್ ಬಳಿದು, ಅದರ ಮೇಲೆ ಎನಾಮಲ್ ಅಥವಾ ಎಣ್ಣೆಬಣ್ಣದ ವಾಶ್ ಕೊಟ್ಟಿದ್ದರೆ, ಹತ್ತಿ ಸುತ್ತಿದ ಕಡ್ಡಿಯನ್ನು ವೈಟ್ ಸ್ಪಿರಿಟ್‌ನಲ್ಲಿ ನೆನೆಸಿ, ಗಾಳಿ ಹರಿಯುವ ದಿಕ್ಕಿನಲ್ಲಿ ಅಂದರೆ ಮುಂದಿನಿಂದ ಹಿಂದಕ್ಕೆ ಒರೆಸಿ. ಬಹುಪಾಲು ಕಪ್ಪು ಎದ್ದುಬರುತ್ತದೆ. ವಾಶ್ ಗಟ್ಟಿಯಾಗಿ ಒಣಗಿ ಹೋಗಿದ್ದರೆ, ಚೆನ್ನಾಗಿ ತೆಳುಮಾಡಿದ ಮೂಲಬಣ್ಣವನ್ನು ಏರ್‌ಬ್ರಷ್‌ನಲ್ಲಿ ಮೇಲಿಂದ ಮಂಜಿನಷ್ಟೇ ಬಿಡಿ. ಮತ್ತೆ ವಾಶ್ ಕೊಡುವಾಗ ಕಪ್ಪು ಬೇಡ. ಮಣ್ಣುಗಂದಿನ ಮೇಲೆ ಕಡುಕಂದು, ಕೆಳಮೈಯ ತಿಳಿ ‘ಸ್ಕೈ’ ಬಣ್ಣದ ಮೇಲೆ ನಡುಬೂದು ಹೊಂದುತ್ತದೆ.

ಸವೆತ ಕಡಿಮೆಯಾಯಿತೆಂಬ ಕೊರಗು ಬೇಡ. 1940ರಲ್ಲಿ ಎಷ್ಟೋ ಹರಿಕೇನ್‌ಗಳು ದಳಕ್ಕೆ ಬಂದ ಕೆಲವೇ ವಾರಗಳಲ್ಲಿ ನೆಲಕ್ಕುರುಳಿದವು. ಬಿಸಿಲಿಗೆ ಬಣ್ಣ ಬಿಳಿಚಿಕೊಳ್ಳುವಷ್ಟು ಆಯುಸ್ಸು ಅವಕ್ಕಿರಲಿಲ್ಲ. ಅವುಗಳ ಮೇಲೆ ಕಾಣುತ್ತಿದ್ದುದು ಎಕ್ಸಾಸ್ಟ್ ಕೊಳವೆಗಳಿಂದ ಹಿಂದಕ್ಕೆ ಹರಿದ ಬೂದುಗಪ್ಪು ಮಸಿ, ಕೆಳಮೈಯ ಎಣ್ಣೆಯ ಸೋರು, ಗುಂಡು ಹಾರಿಸಿದ ಮೇಲೆ ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಕ್ಕೆ ಎಳೆದ ಹೊಗೆಯ ಗೀರು. ಗನ್ ರಂಧ್ರಗಳಿಗೆ ಡೋಪ್ ಹಚ್ಚಿದ ಕೆಂಪು ಬಟ್ಟೆಯ ತುಂಡನ್ನು ಅಂಟಿಸಿ ಮುಚ್ಚಿರುತ್ತಿದ್ದರು, ಮೊದಲ ಗುಂಡೇ ಅದನ್ನು ಹರಿಯುತ್ತಿತ್ತು. ಕೆಂಪು ತುಂಡುಗಳು ಅಖಂಡವಾಗಿದ್ದು ಹಿಂದೆ ದಟ್ಟ ಹೊಗೆಯ ಗೀರೂ ಇರುವ ಮಾದರಿಗಳು ಪ್ರದರ್ಶನಗಳಲ್ಲಿ ಸಾಕಷ್ಟು ಕಾಣಸಿಗುತ್ತವೆ. ಹಾರಾಟಕ್ಕೆ ಮುಂಚಿನ ವಿಮಾನವೋ, ಕಾದಾಡಿ ಮರಳಿದ ವಿಮಾನವೋ ಎಂದು ಮೊದಲೇ ತೀರ್ಮಾನಿಸಿಕೊಳ್ಳಿ.

ಪ್ರಶ್ನೆ: ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಒಣಗಿದ ಮೇಲೆ ಅಂಚಿನಲ್ಲಿ ಬೆಳ್ಳಗೆ ಮಿನುಗುತ್ತದೆ. ಏಕೆ?

ಉತ್ತರ: ಮ್ಯಾಟ್ (ಹೊಳಪಿಲ್ಲದ) ಬಣ್ಣದ ಮೇಲ್ಮೈ ಒರಟಾಗಿರುವುದರಿಂದ ಪೊರೆಯ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ. ಸಣ್ಣ ಸೂಜಿಯಿಂದ ಅಲ್ಲಲ್ಲಿ ಚುಚ್ಚಿ, ಡೆಕಾಲ್ ಮೆದುಮಾಡುವ ದ್ರಾವಣವನ್ನು ಹಚ್ಚಿ. ಪೊರೆ ಸುಕ್ಕುಗಟ್ಟಿದರೆ ಗಾಬರಿಯಾಗಿ ಮುಟ್ಟಬೇಡಿ, ಒಣಗುತ್ತ ತಾನಾಗಿ ಕೂರುತ್ತದೆ. ಮುಂದಿನ ಸಲ ಹೊಳಪು ವಾರ್ನಿಶ್ ಮೊದಲು, ಡೆಕಾಲ್ ಆಮೇಲೆ, ಮ್ಯಾಟ್ ವಾರ್ನಿಶ್ ಕಡೆಯಲ್ಲಿ.

ಪ್ರಶ್ನೆ: 1/48 ಅಳತೆಯ ಸ್ಪಿಟ್‌ಫೈರ್ ಮಾರ್ಕ್ 9 ಯುದ್ಧವಿಮಾನಕ್ಕೆ ನಾರ್ಮಂಡಿ ದಾಳಿಯ ಗುರುತಿನ ಕಪ್ಪು-ಬಿಳಿ ಪಟ್ಟಿಗಳನ್ನು ಬಳಿಯಬೇಕು. ಅಗಲವೆಷ್ಟು, ಅಂಚು ಎಷ್ಟು ನೇರವಾಗಿರಬೇಕು?

ಉತ್ತರ: ಒಂಟಿ ಎಂಜಿನ್ನಿನ ವಿಮಾನಗಳಿಗೆ ತಲಾ 18 ಅಂಗುಲದ ಐದು ಪಟ್ಟಿಗಳು, ಮೂರು ಬಿಳಿ, ಎರಡು ಕಪ್ಪು, ಹೊರ ಅಂಚಿನವು ಬಿಳಿ. ನಿಮ್ಮ ಅಳತೆಯಲ್ಲಿ ಒಂದೊಂದೂ 9.5 ಮಿಲಿಮೀಟರ್. ಐದೂ ಪಟ್ಟಿಗಳ ಜಾಗಕ್ಕೆ ಮೊದಲು ಬಿಳಿ ಬಳಿದು, ಬಿಳಿಯಾಗಿ ಉಳಿಯಬೇಕಾದಲ್ಲಿ ಟೇಪ್ ಅಂಟಿಸಿ ಕಪ್ಪು ಬಿಡಿ. ಅಚ್ಚ ಬಿಳಿಗೆ ತುಸು ಬೂದು ಸೇರಿಸಿ, ಕಪ್ಪನ್ನೂ ಕಡುಬೂದಿಗೆ ಇಳಿಸಿದರೆ ಕಣ್ಣಿಗೆ ಹೊಡೆಯುವುದಿಲ್ಲ. ಗುಟ್ಟು ಬಯಲಾಗದಿರಲೆಂದು 1944ರ ಜೂನ್ 6ರ ದಾಳಿಗೆ ಕೆಲವೇ ದಿನ ಮುಂಚೆ ಪಟ್ಟಿಗಳ ಆದೇಶ ಹೊರಟಿದ್ದರಿಂದ, ನೆಲಸಿಬ್ಬಂದಿ ಸಿಕ್ಕ ಬ್ರಷ್ಷುಗಳಿಂದಲೇ ತರಾತುರಿಯಲ್ಲಿ ಬಳಿದರು. ಎಷ್ಟೋ ಫೋಟೋಗಳಲ್ಲಿ ಅಂಚು ಅಂಕುಡೊಂಕಾಗಿರುವುದು ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದ ಟೇಪ್ ತೆಗೆದ ಮೇಲೆ ಸಣ್ಣ ಬ್ರಷ್ಷಿನಿಂದ ಅಂಚನ್ನು ಅಲ್ಲಲ್ಲಿ ಕೆಡಿಸಬಹುದು. ನೀವು ಆರಿಸಿಕೊಂಡ ವಿಮಾನದ ತಾರೀಖನ್ನು ಮಾತ್ರ ನೋಡಿಕೊಳ್ಳಿ: ಜುಲೈನಲ್ಲಿ ಮೇಲ್ಭಾಗದ ಪಟ್ಟಿಗಳನ್ನು ಅಳಿಸುವ ಆದೇಶ ಬಂದಿತ್ತು, ಆಗಸ್ಟಿನ ವಿಮಾನವಾದರೆ ಕೆಳಭಾಗದಲ್ಲಿ ಮಾತ್ರ ಬಳಿಯಿರಿ.