ಮ್ಯೂನಿಕ್‌ನಲ್ಲಿ ಬಾಣಂತನ: ತಂಗಿಗೊಂದು ಉತ್ತರ

ತಂಗಿ, ಹೊಸನಗರ ಬಿಟ್ಟು ಮ್ಯೂನಿಕ್‌ಗೆ ಬಂದು ನಾಲ್ಕೇ ತಿಂಗಳಾಗಿದೆ, ಆರನೇ ತಿಂಗಳ ಬಸುರಿ, ಅಮ್ಮನಿಗೆ ಬರಲಾಗುತ್ತಿಲ್ಲ ಎಂದು ಬರೆದಿದ್ದೀಯೆ. ಅಲ್ಲಿ ಬಾಣಂತನ ಹೇಗೆ, ಹೆರಿಗೆಯ ಮೇಲೆ ಮೈ ಮೊದಲಿನಂತಾಗುತ್ತದೆಯೇ ಎಂದು ಕೇಳಿದ್ದೀಯೆ. ಅಡಿಕೆ ಕೊಯ್ಲಿಗೆಂದು ನಾನೀಗ ತೀರ್ಥಹಳ್ಳಿಯ ತವರಿನಲ್ಲಿದ್ದೇನೆ. ತಮ್ಮನ ಹೆಂಡತಿ ಇಪ್ಪತ್ತು ದಿನದ ಬಾಣಂತಿ. ನಸುಕಿಗೇ ಬಚ್ಚಲೊಲೆ ಉರಿಯುತ್ತದೆ, ಮನೆಯೆಲ್ಲ ಧೂಪದ ವಾಸನೆ.

ನನ್ನ ಮೊದಲ ಬಾಣಂತನ ಇದೇ ಮನೆಯಲ್ಲಿ ಆಯಿತು. ಅಂಟಿನುಂಡೆ, ಲೇಹ, ಅನ್ನದ ಮೇಲೆ ಸುರಿದ ತುಪ್ಪ ಎಲ್ಲ ತಿಂದೆ. ವರ್ಷ ತುಂಬುವಷ್ಟರಲ್ಲಿ ಹಳೆಯ ರವಿಕೆಗಳು ಮೈಗೆ ಬಂದವು. ಎರಡನೆಯದು ಜರ್ಮನಿಯಲ್ಲಿ. ತುಪ್ಪ ಮುಟ್ಟಲಿಲ್ಲ, ಆದರೂ ಎರಡು ವರ್ಷ 8 ಕಿಲೋ ಇಳಿಯಲೇ ಇಲ್ಲ. ಬಹಳ ದಿನ ನನ್ನನ್ನೇ ಬೈದುಕೊಂಡೆ. ಆಮೇಲೆ ಅರ್ಥವಾಯಿತು: ಊರಿನಲ್ಲಿ ತುಪ್ಪದ ಜೊತೆ ನಾಲ್ಕು ಹೆಂಗಸರ ಕೈಗಳೂ ಇದ್ದವು. ಹಾಲೂಡಿಸಿದ ಮೇಲೆ ಮಗು ಅತ್ತಿಗೆಯ ತೊಡೆಗೆ ಹೋಗುತ್ತಿತ್ತು, ನಾನು ನಿದ್ದೆಗೆ. ಜರ್ಮನಿಯಲ್ಲಿ ರಾತ್ರಿಯಿಡೀ ಎಚ್ಚರ, ಹಗಲು ದೊಡ್ಡವನ ಶಾಲೆ, ನಿಂತಲ್ಲೇ ನಾಲ್ಕು ಬಿಸ್ಕತ್ತು. ನಿದ್ದೆಗೆಟ್ಟ ದೇಹಕ್ಕೆ ಹಸಿವು ಹೆಚ್ಚು, ಅದರಲ್ಲೂ ಸಿಹಿಯ ಮೇಲೆ.

ಇನ್ನೊಂದು ಕಾರಣ, ಆ ಬಸುರಿನಲ್ಲೇ 20 ಕಿಲೋ ಏರಿದ್ದೆ. ಸಾಧಾರಣ ತೂಕದ ಹೆಂಗಸಿಗೆ 11.5ರಿಂದ 16 ಕಿಲೋ ಸಾಕು ಎಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲೇ ಹೇಳಿದೆ. ಅದನ್ನು ಮೀರಿ ಏರಿದ್ದೇ ಹೆರಿಗೆಯ ನಂತರ ಮೈಯಲ್ಲಿ ಉಳಿದುಕೊಳ್ಳುವುದು. ನಿನಗಿನ್ನೂ ಮೂರು ತಿಂಗಳಿದೆ, ಇಬ್ಬರಿಗಾಗಿ ತಿನ್ನು ಎನ್ನುವವರ ಮಾತು ಕೇಳಬೇಡ.

ಹೆರಿಗೆಯ ದಿನವೇ ಮಗು, ಮಾಸು, ನೀರು, ರಕ್ತ ಸೇರಿ 5-6 ಕಿಲೋ ಇಳಿಯುತ್ತದೆ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು 6 ವಾರ ಬೇಕು. ಅಲ್ಲಿಯವರೆಗೆ ತೂಕದ ಯಂತ್ರ ಹತ್ತಲೇಬೇಡ. ಹಾಲೂಡಿಸಲು ದಿನಕ್ಕೆ ಹೆಚ್ಚುಕಡಿಮೆ 500 ಕ್ಯಾಲೊರಿ ಬೇಕಾಗುತ್ತದೆ, ನಿಜ. ಆದರೆ ಹಸಿವೂ ಅಷ್ಟೇ ಏರುವುದರಿಂದ ಅದೊಂದನ್ನೇ ನಂಬಿ ಕೂರಬೇಡ. ಉಪವಾಸವಂತೂ ಬೇಡವೇ ಬೇಡ. ಬಾಣಂತಿ ನೀರು ಕುಡಿಯಬಾರದು ಎಂಬ ನಮ್ಮ ಕಡೆಯ ಕಟ್ಟುಪಾಡನ್ನು ಊರಲ್ಲೇ ಬಿಡು.

ಜರ್ಮನಿಯಲ್ಲಿ ನಿನಗೊಂದು ಭಾಗ್ಯವಿದೆ. ಹೇಬಮ್ಮೆ, ಅಂದರೆ ಅಲ್ಲಿನ ಸೂಲಗಿತ್ತಿ, ಹೆರಿಗೆಯ ನಂತರ ಮನೆಗೇ ಬರುತ್ತಾಳೆ, ಮೊದಲ ಹತ್ತು ದಿನ ಬೇಕಿದ್ದರೆ ದಿನವೂ, ಆಮೇಲೆ 12 ವಾರದವರೆಗೆ ಆಗಾಗ. ಖರ್ಚು ಆರೋಗ್ಯ ವಿಮೆಯದು. ಸಿಗುವುದು ಕಷ್ಟ, ಆದ್ದರಿಂದ ಇವತ್ತೇ ಹುಡುಕು. ಸಡಿಲವಾದ ಕಿಬ್ಬೊಟ್ಟೆಯ ಸ್ನಾಯುಗಳನ್ನು ಬಲಪಡಿಸುವ ರ್ಯೂಕ್‌ಬಿಲ್ಡುಂಗ್ ಎಂಬ ವ್ಯಾಯಾಮ ತರಗತಿಗೂ ವಿಮೆಯೇ ಕೊಡುತ್ತದೆ. ನಾನು ಹೋಗದೆ ಕೆಟ್ಟೆ, ನೀನು ತಪ್ಪಿಸಬೇಡ.

ತೂಕ ಸರಸರನೆ ಇಳಿದು ಎದೆ ಬಡಿದುಕೊಂಡರೆ, ಅಥವಾ ಏರುತ್ತಲೇ ಹೋಗಿ ಸುಸ್ತಾದರೆ ಥೈರಾಯ್ಡ್ ಪರೀಕ್ಷೆ ಮಾಡಿಸು. ಹೆರಿಗೆಯ ನಂತರ ಅದು ಕೆಡುವುದುಂಟು. ಕಾರಣವಿಲ್ಲದ ಅಳು ವಾರಗಟ್ಟಲೆ ನಿಲ್ಲದಿದ್ದರೆ ಅದನ್ನೂ ಹೇಬಮ್ಮೆಗೆ ಹೇಳು.

ಫೆಬ್ರವರಿಯಲ್ಲಿ ಜರ್ಮನಿಗೆ ಮರಳುತ್ತೇನೆ. ಅಂಟಿನುಂಡೆ ತರುತ್ತೇನೆ, ದಿನಕ್ಕೊಂದೇ ತಿನ್ನು. ಹೆರಿಗೆಯಾದ ಮೇಲೆ ವಾರಕ್ಕೆರಡು ಮಧ್ಯಾಹ್ನ ನಿನ್ನ ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳುತ್ತೇನೆ. ಆ ಹೊತ್ತು ನೀನು ಪಾತ್ರೆ ತೊಳೆಯಕೂಡದು, ಮಲಗಬೇಕು.