ಕೊಡಿಯಾಲಬೈಲಿನ ಶೆಡ್ಡಿನಲ್ಲೊಂದು ಬೆಂಜ್ ಕೂಪೆ: ಕೊಳ್ಳಬಹುದೇ?

ಪ್ರಶ್ನೆ: ನಾನು ಕಾಪುವಿನವನು, ಮಣಿಪಾಲದಲ್ಲಿ ಕೆಲಸ. ಮಂಗಳೂರಿನ ಕೊಡಿಯಾಲಬೈಲಿನ ಹಳೇ ಹೆಂಚಿನ ಮನೆಯೊಂದರ ಶೆಡ್ಡಿನಲ್ಲಿ ಎರಡು ಬಾಗಿಲಿನ ಮರ್ಸಿಡಿಸ್ ಬೆಂಜ್ 220 ಎಸ್ಇ ಕೂಪೆ ಮಾರಾಟಕ್ಕಿದೆ. ಆರ್‌ಸಿಯಲ್ಲಿ 1967 ಎಂದಿದೆ, ಸ್ಟೀರಿಂಗ್ ಬಲಕ್ಕಿದೆ. ಆರ್‌ಸಿ ಇನ್ನೂ ಮಾರುವವರ ತಂದೆಯ ಹೆಸರಲ್ಲೇ ಇದೆ. ಅವರು ತೀರಿಕೊಂಡು ಹತ್ತು ವರ್ಷವಾಯಿತಂತೆ. ಹೋದ ವರ್ಷ ಪೂರ್ತಿ ಪೇಂಟ್ ಮಾಡಿಸಿದ್ದಾರೆ, ಕನ್ನಡಿಯ ಹಾಗೆ ಹೊಳೆಯುತ್ತದೆ. 45 ಲಕ್ಷ ಹೇಳುತ್ತಾರೆ. ಬೆಂಗಳೂರಿನ ಪಾರ್ಟಿಯೊಂದು ಕಾಯುತ್ತಿದೆ, ಈ ವಾರವೇ ಐದು ಲಕ್ಷ ಮುಂಗಡ ಕೊಡಿ ಎನ್ನುತ್ತಾರೆ. ಕೊಳ್ಳಬಹುದೇ ಸರ್? ದಿನಾ ಕೆಲಸಕ್ಕೆ ಓಡಿಸಬಹುದೇ?

ಉತ್ತರ: ಮೊದಲು ಮುಂಗಡದ ಮಾತು. ಕೊಡಬೇಡಿ. ಆ ಬೆಂಗಳೂರಿನ ಪಾರ್ಟಿ ಕರಾವಳಿಯ ಪ್ರತಿ ಹಳೇ ಕಾರಿನ ಹಿಂದೆಯೂ ಕಾಯುತ್ತಲೇ ಇರುತ್ತದೆ ಮಾರಾಯ್ರೆ. ಇಷ್ಟು ವರ್ಷದಲ್ಲಿ ಅವರ ಮುಖ ನೋಡುವ ಭಾಗ್ಯ ನನಗೆ ಸಿಕ್ಕಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು 1967ರ ಮೇಲೆ. 220 ಎಸ್ಇ ಕೂಪೆ ಬಂದದ್ದು 1961ರಲ್ಲಿ, ತಯಾರಿ ನಿಂತದ್ದು 1965ರಲ್ಲಿ. ಅದರ ಜಾಗಕ್ಕೆ ಬಂದ 250 ಎಸ್ಇ 1967ರ ಕೊನೆಯವರೆಗೆ ಇತ್ತು. ಅಂದರೆ ಒಂದೋ ನಿಮ್ಮದು 250, ಡಿಕ್ಕಿಯ ಮೇಲಿನ ಹೆಸರಿನ ಅಕ್ಷರ ಯಾರೋ ಬದಲಿಸಿದ್ದಾರೆ. ಇಲ್ಲವೇ 1967 ಅನ್ನುವುದು ಇಲ್ಲಿ ನೋಂದಣಿಯಾದ ವರ್ಷ. ಎರಡನೆಯದೇ ಹೆಚ್ಚು ಸಂಭವ. ಆಗ ವಿದೇಶಿ ಕಾರು ತರಿಸಿಕೊಳ್ಳುವುದು ಸುಲಭದ ಕೆಲಸವಾಗಿರಲಿಲ್ಲ. ರಾಯಭಾರ ಕಚೇರಿಗಳವರು ಬಳಸಿ ಬಿಟ್ಟ ಕಾರುಗಳನ್ನು ಸರ್ಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮಾರುತ್ತಿತ್ತು. ಹಾಗೆ ಎರಡನೇ ಕೈಗೆ ಬಂದ ಗಾಡಿಯ ಕಾಗದದಲ್ಲಿ ಒಂದೆರಡು ವರ್ಷ ಆಚೀಚೆ ಇದ್ದರೆ ಅದು ಮೋಸವಲ್ಲ.

ಯಾವುದೆಂದು ತಿಳಿಯಲು ಬಗ್ಗಿ ನೋಡಿದರೆ ಸಾಕು. 220ಕ್ಕೆ 13 ಇಂಚಿನ ಚಕ್ರ, ಹಿಂದೆ ಡ್ರಮ್ ಬ್ರೇಕ್. 250ಕ್ಕೆ 14 ಇಂಚಿನ ಚಕ್ರ, ನಾಲ್ಕಕ್ಕೂ ಡಿಸ್ಕ್. ಚಾಸಿ ನಂಬರಿನ ಮೊದಲ ಆರು ಅಂಕಿ ಎರಡಕ್ಕೂ ಒಂದೇ, 111021. ಅದನ್ನು ನಂಬಿ ತೀರ್ಮಾನಿಸಬೇಡಿ. ಆದರೆ ಅದರ ಮುಂದಿನ ಎರಡು ಅಂಕಿ ಓದಿ. ಮೊದಲನೆಯದು 2 ಇದ್ದರೆ ಕಾರ್ಖಾನೆಯಿಂದಲೇ ಬಲಗಡೆ ಸ್ಟೀರಿಂಗ್, 1 ಇದ್ದರೆ ಎಡಗಡೆ. ಎರಡನೆಯದು 0 ಇದ್ದರೆ ಕೈ ಗೇರು, 2 ಇದ್ದರೆ ಆಟೋಮ್ಯಾಟಿಕ್. ನಂಬರು 1 ಅಂದು ಸ್ಟೀರಿಂಗ್ ಬಲಕ್ಕಿದ್ದರೆ, ಆ ಕೆಲಸ ಎಲ್ಲೋ ಗ್ಯಾರೇಜಿನಲ್ಲಿ ಆಗಿದೆ.

ಆಮೇಲೆ ಬಾನೆಟ್ ಎತ್ತಿಸಿ. 220 ಆದರೆ ಎಂಜಿನ್ ನಂಬರು 127ರಿಂದ, 250 ಆದರೆ 129ರಿಂದ ಆರಂಭವಾಗಬೇಕು. ಎರಡೂ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಕಾರ್ಬ್ಯುರೇಟರ್ ಇಲ್ಲ, ಪಂಪಿನಿಂದ ಇಂಧನ ಚಿಮ್ಮಿಸುವ ಏರ್ಪಾಡು. ಈ ಪಂಪ್ ಕೈಕೊಟ್ಟಾಗ ರಿಪೇರಿಯವರು ಸಿಗದೆ, ಪೆಟ್ರೋಲಿನ ಖರ್ಚಿಗೂ ಹೆದರಿ, ನಮ್ಮವರು ಎಷ್ಟೋ ಹಳೇ ಬೆಂಜ್‌ಗಳಿಗೆ ಡೀಸೆಲ್ ಎಂಜಿನ್ ಕೂರಿಸಿಬಿಟ್ಟರು. ಮ್ಯಾಟಡೋರ್ ವ್ಯಾನಿನ ಎಂಜಿನ್ ಕೂರಿಸಿದ್ದನ್ನೂ ನಾನು ನೋಡಿದ್ದೇನೆ. ಸ್ಟಾರ್ಟ್ ಮಾಡಿದಾಗ ಹಿಟ್ಟಿನ ಗಿರಣಿಯ ಸದ್ದು ಬಂದರೆ ಮಾತು ಅಲ್ಲಿಗೇ ಮುಗಿಸಿ.

ಇಷ್ಟಾದರೂ ನನಗೆ ಎಂಜಿನ್ನಿನ ಬಗ್ಗೆ ಅಂಥ ಚಿಂತೆ ಇಲ್ಲ. ಎಂಜಿನ್ ಬಿಚ್ಚಿ ಕಟ್ಟಬಹುದು, ಭಾಗಗಳು ಜರ್ಮನಿಯಿಂದ ಇವತ್ತಿಗೂ ಬರುತ್ತವೆ. ನನಗೆ ಹೆದರಿಕೆ ಆ ಹೊಸ ಪೇಂಟಿನದು.

ಒಮ್ಮೆ ನಾನೇ ಹೀಗೆ ಬೇಸ್ತುಬಿದ್ದಿದ್ದೆ. ಉಡುಪಿಯ ಕಡೆಯ ಒಂದು ಹಳೇ ಕಾರು, ಕೆನೆ ಬಣ್ಣ, ಹೊಳಪು ನೋಡಿ ಮನಸೋತು ಹಣ ಎಣಿಸಿಕೊಟ್ಟೆ. ಮನೆಗೆ ತಂದ ಮೇಲೆ ಮಗನ ಆಟಿಕೆಯ ಮ್ಯಾಗ್ನೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲ ಮೇಲಿಟ್ಟೆ, ಕಚ್ಚಿಕೊಂಡಿತು. ಹಾಗೇ ಕೆಳಗೆ ಜಾರಿಸುತ್ತ ಹೋದೆ. ಬಾಗಿಲ ಕೆಳಗಿನ ಪಟ್ಟಿಗೆ ಬರುತ್ತಲೇ ಟಪ್ ಎಂದು ನೆಲಕ್ಕೆ ಬಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ತಗಡಿನ ಸದ್ದಿಲ್ಲ, ಗೋಡೆಯ ಸದ್ದು. ಮೊಣಕೈ ಉದ್ದಕ್ಕೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದಿದ್ದರು. ಒಳಗೆ ತಗಡೇ ಇರಲಿಲ್ಲ.

ಈ ಕೂಪೆಯಲ್ಲಿ ಆ ಪಟ್ಟಿಯೇ ಪ್ರಾಣ. ಬಾಗಿಲಿನ ಹಿಂದೆ ನಡುಗಂಬವಿಲ್ಲ. ಗಾಜು ಇಳಿಸಿದರೆ ಮುಂದಿನಿಂದ ಹಿಂದಿನವರೆಗೆ ಬಯಲು, ಅಂದವೂ ಅದರಲ್ಲೇ. ಬೇರೆ ಚಾಸಿ ಚೌಕಟ್ಟೂ ಇಲ್ಲದ್ದರಿಂದ ಭಾರವನ್ನು ಹೊರಬೇಕಾದದ್ದು ನೆಲದ ತಗಡು ಮತ್ತು ಆ ಪಟ್ಟಿ. ಒಂದು ಬದಿಗೆ ಜಾಕ್ ಕೊಟ್ಟು ಚಕ್ರ ನೆಲ ಬಿಡುವಷ್ಟು ಎತ್ತಿಸಿ, ಆಗ ಬಾಗಿಲು ತೆರೆದು ಹಾಕಿ ನೋಡಿ. ಮೊದಲಿನಷ್ಟೇ ಸಲೀಸಾಗಿ ಹಾಕಿಕೊಂಡರೆ ಒಳ್ಳೆಯದು. ಎಲ್ಲೋ ತಾಗಿದರೆ, ಸಂದು ಮೇಲೊಂದು ಕೆಳಗೊಂದು ಅಗಲವಾದರೆ, ಬೆನ್ನೆಲುಬು ಹೋಗಿದೆ ಎಂದೇ ಅರ್ಥ. ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಹೆಡ್‌ಲೈಟಿನ ಕೆಳಭಾಗ, ಹಿಂದಿನ ಚಕ್ರದ ಕಮಾನು, ಹಿಂದಿನ ಗಾಜಿನ ಕೆಳಗಿನ ಅಂಚು, ಇವಿಷ್ಟಕ್ಕೂ ಮ್ಯಾಗ್ನೆಟ್ ಮುಟ್ಟಿಸಿ. ಮುಂದಿನ ಸೀಟಿನ ಬಳಿ ಕಾರ್ಪೆಟ್ ಎತ್ತಿ ಮೂಸಿ. ಬೂಷ್ಟಿನ ವಾಸನೆ ಇದ್ದರೆ ಮಳೆಗಾಲದ ನೀರು ಒಳಗೆ ನಿಂತಿದೆ. ಡ್ಯಾಶ್‌ಬೋರ್ಡಿನ ಮರದ ಹೊದಿಕೆಯ ಅಂಚು ಹಪ್ಪಳದ ಹಾಗೆ ಎದ್ದಿದೆಯೋ ನೋಡಿ, ಅದೂ ಅದನ್ನೇ ಹೇಳುತ್ತದೆ. ಸಮುದ್ರದ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ. ಶೆಡ್ಡಿನಲ್ಲಿ ಟರ್ಪಾಲು ಹೊದ್ದು ನಿಂತ ಕಾರು ರಸ್ತೆಯಲ್ಲಿ ನಿಂತದ್ದಕ್ಕಿಂತ ಬೇಗ ಕೊಳೆಯುವುದೂ ಉಂಟು. ಒಂದು ವೇಳೆ ಕೊಂಡರೆ ನೀವೂ ಟರ್ಪಾಲು ಹೊದಿಸಬೇಡಿ.

ನಿಜ ಹೇಳಬೇಕೆಂದರೆ, ಹಳೇ ಬಣ್ಣ ಕಿತ್ತು ತುಕ್ಕು ಕಾಣುವ ಗಾಡಿಯಾಗಿದ್ದರೆ ನಾನು ಹೆಚ್ಚು ಧೈರ್ಯದಿಂದ ಕೊಳ್ಳಿ ಎನ್ನುತ್ತಿದ್ದೆ. ಪೇಂಟ್ ಮಾಡುವ ಮುಂಚಿನ ಫೋಟೊ, ಟಿಂಕರಿಂಗ್ ಬಿಲ್ಲು ಕೇಳಿ. ಎರಡೂ ಇಲ್ಲವೆಂದರೆ ಹೇಳಿದ ರೇಟಿನ ಹತ್ತಿರವೂ ಹೋಗಬೇಡಿ. "ಅಪರೂಪ" ಎಂಬ ಮಾತಿಗೂ ಅಷ್ಟೊಂದು ಮರುಳಾಗುವುದು ಬೇಡ. 220 ಎಸ್ಇ ಕೂಪೆಗಳು ಒಟ್ಟು 14,173 ತಯಾರಾಗಿವೆ. ನಮ್ಮ ದೇಶದಲ್ಲಿ ಬಲಗಡೆ ಸ್ಟೀರಿಂಗಿನದು, ಮೂಲ ಎಂಜಿನ್ ಇರುವುದು ಅಪರೂಪ ಹೌದು. ಬೆಲೆ ಬರುವುದೂ ಆ ಎರಡಕ್ಕೇ.

ಕಾಗದದ್ದು ಬೇರೆಯೇ ತಲೆನೋವು. ತೀರಿಹೋದವರ ಹೆಸರಿನ ಗಾಡಿಯನ್ನು ನೇರ ನಿಮ್ಮ ಹೆಸರಿಗೆ ಮಾಡಿಸಲಾಗದು. ಮೂರು ತಿಂಗಳೊಳಗೆ ಆಗಬೇಕಿದ್ದ ಕೆಲಸ, ಹತ್ತು ವರ್ಷ ಉಳಿದಿದೆ. ಮೊದಲು ವಾರಸುದಾರರು ಫಾರಂ 31 ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ, ಆಮೇಲೆ ನಿಮ್ಮ ಫಾರಂ 29, 30. ನಮ್ಮೂರ ದೊಡ್ಡ ಮನೆಗಳಲ್ಲಿ ಒಬ್ಬ ಮಗ ಮಂಗಳೂರಲ್ಲಿ, ಇನ್ನೊಬ್ಬ ದುಬೈಯಲ್ಲಿ, ಮಗಳು ಮುಂಬಯಿಯಲ್ಲಿ. ಎಲ್ಲರ ಒಪ್ಪಿಗೆ ಬರಹದಲ್ಲಿ ಇರಲಿ. ಖಾಸಗಿ ಕಾರಿನ ಆರ್‌ಸಿಯನ್ನು 15 ವರ್ಷದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದು ಆಗಿದೆಯೋ ಕೇಳಿ. ಹಳೇ ನಂಬರು ಆನ್‌ಲೈನಿನಲ್ಲಿ ಕಾಣದಿದ್ದರೆ ಮಂಗಳೂರು ಆರ್‌ಟಿಒದಲ್ಲಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸುವ ಕೆಲಸ, ಮಾಡಿಸಬೇಕಾಗುತ್ತದೆ. ಈ ಓಡಾಟ ಮಾರುವವರದ್ದು, ನಿಮ್ಮದಲ್ಲ.

ದಿನಾ ಓಡಿಸುವ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. 2021ರ ನಿಯಮದಂತೆ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಬದಲಾಗದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹತ್ತು ವರ್ಷದವರೆಗೆ ನಡೆಯುತ್ತದೆ, ಹಳೇ ನಂಬರನ್ನೂ ಉಳಿಸಿಕೊಳ್ಳಬಹುದು. ಆದರೆ ಆಮೇಲೆ ರ‍್ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿ ಇಂಥದಕ್ಕೆ ಮಾತ್ರ ರಸ್ತೆಗಿಳಿಸಬೇಕು. ಮಣಿಪಾಲದ ಡ್ಯೂಟಿಗೆ ಆಗದು. ಮಾಮೂಲಿ ಆರ್‌ಸಿ ಜೀವಂತವಿದ್ದರೆ ಅದನ್ನೇ ಉಳಿಸಿಕೊಂಡು ಭಾನುವಾರ ಮಲ್ಪೆಗೋ ಪಡುಬಿದ್ರಿಗೋ ಹೋಗಿಬನ್ನಿ. ಈಗಿನ ಎಥನಾಲ್ ಬೆರೆತ ಪೆಟ್ರೋಲು ಹಳೇ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ಮೊದಲು ಪೈಪು ಬದಲಿಸಿ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲು ಬಿಡಬೇಡಿ.

ಈ ಶನಿವಾರ ಒಂದು ಮ್ಯಾಗ್ನೆಟ್, ಟಾರ್ಚು, ಹಳೇ ಪ್ಯಾಂಟು ಹಾಕಿಕೊಂಡು ಹೋಗಿ. ಜಾಕ್ ಕೊಡಲು ಅವರು ಒಪ್ಪಿದರೆ, ನೋಡಿ ಬಂದು ಚಾಸಿ ನಂಬರು, ಎಂಜಿನ್ ನಂಬರುಗಳ ಫೋಟೊ ಕಳಿಸಿ. ರೇಟಿನ ಮಾತು ಆಮೇಲೆ ಆಡೋಣ.